ಐ3-6006ಯು ಇರುವ ಹಳೆಯ ಲ್ಯಾಪ್‌ಟಾಪ್‌ಗೆ ಒಂಬತ್ತೂವರೆ ಸಾವಿರ ಕೊಡಬಹುದೇ?

ಪ್ರಶ್ನೆ: ನನ್ನ ಮಗಳು ಈ ವರ್ಷ ಬಿ.ಕಾಂ. ಸೇರಿದ್ದಾಳೆ. ಪರಿಚಯದವರೊಬ್ಬರು 2017ರಲ್ಲಿ ಕೊಂಡ ಲ್ಯಾಪ್‌ಟಾಪನ್ನು 9,500 ರೂಪಾಯಿಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಅದರಲ್ಲಿ ಇಂಟೆಲ್ ಕೋರ್ ಐ3-6006ಯು ಪ್ರೊಸೆಸರ್, 4 ಜಿಬಿ ರ‍್ಯಾಮ್ ಮತ್ತು 1 ಟಿಬಿ ಹಾರ್ಡ್ ಡಿಸ್ಕ್ ಇವೆ. ಆನ್ ಆಗಲು ಬಹಳ ಹೊತ್ತು ಹಿಡಿಯುತ್ತದೆ. ಆದರೆ ‘ಐ3 ಅಲ್ಲವೇ, ಸೆಲೆರಾನ್‌ಗಿಂತ ಎಷ್ಟೋ ಮೇಲು’ ಎಂದು ಅವರು ಹೇಳುತ್ತಾರೆ. ಅಂಗಡಿಯಲ್ಲಿ ಇಂಟೆಲ್‌ನದೇ ಅಗ್ಗದ ಸಾಲಿನ ಸೆಲೆರಾನ್ ಎನ್4500 ಇರುವ ಹೊಸ ಲ್ಯಾಪ್‌ಟಾಪಿಗೆ ಇದರ ಎರಡರಷ್ಟಕ್ಕಿಂತ ಹೆಚ್ಚು ಬೆಲೆ ಹೇಳಿದರು. ಟ್ಯಾಲಿ, ಎಕ್ಸೆಲ್, ಆನ್‌ಲೈನ್ ತರಗತಿ, ಯೂಟ್ಯೂಬ್, ಇಷ್ಟು ನಡೆದರೆ ನಮಗೆ ಸಾಕು. ಯಾವುದನ್ನು ಕೊಳ್ಳಲಿ? ಈ ಹಳೆಯದನ್ನೇ ಕೊಂಡು ಮುಂದೆ ಪ್ರೊಸೆಸರ್ ಬದಲಿಸಬಹುದೇ? (ತಿಪಟೂರಿನ ಓದುಗರೊಬ್ಬರು)

ಉತ್ತರ: ಈಗಿರುವ ಸ್ಥಿತಿಯಲ್ಲಿ ಆ ಲ್ಯಾಪ್‌ಟಾಪಿಗೆ 9,500 ರೂಪಾಯಿ ಕೊಡಬೇಡಿ. ಹಾಗೆಂದು ಅದರ ಪ್ರೊಸೆಸರ್ ಕೈಲಾಗದ್ದು ಎಂದು ಭಾವಿಸಬೇಕಿಲ್ಲ. ನೀವು ಹೇಳಿದ ನಾಲ್ಕು ಕೆಲಸಗಳಲ್ಲಿ ಮೂರನ್ನು ಅದು ಇಂದಿಗೂ ನಿಭಾಯಿಸುತ್ತದೆ, ನಾಲ್ಕನೆಯದಾದ ಯೂಟ್ಯೂಬನ್ನು ಸ್ವಲ್ಪ ಉಪಾಯದಿಂದ ನಡೆಸಬೇಕಾಗುತ್ತದೆ. ನನ್ನ ಆಕ್ಷೇಪವಿರುವುದು ಆ ಪ್ರೊಸೆಸರಿನ ಸುತ್ತಲಿರುವ ಬಿಡಿಭಾಗಗಳ ಬಗ್ಗೆ ಮತ್ತು ಅದೇ ಹಣಕ್ಕೆ ಅಥವಾ ಸ್ವಲ್ಪ ಹೆಚ್ಚಿನ ಹಣಕ್ಕೆ ಸಿಗಬಹುದಾದ ಬೇರೆ ವಸ್ತುವಿನ ಬಗ್ಗೆ. ಕೊನೆಯ ಪ್ರಶ್ನೆಗೆ ಮೊದಲೇ ಉತ್ತರಿಸಿಬಿಡುತ್ತೇನೆ: ಪ್ರೊಸೆಸರ್ ಬದಲಿಸಲು ಆಗುವುದಿಲ್ಲ. ಹೆಸರಿನ ಕೊನೆಯಲ್ಲಿ ‘ಯು’ ಎಂದಿರುವ ಈ ಸಾಲಿನ ಚಿಪ್‌ಗಳನ್ನು ಮದರ್‌ಬೋರ್ಡಿಗೆ ಬೆಸುಗೆ ಹಾಕಿಯೇ ಕಳಿಸಿರುತ್ತಾರೆ, ಬಿಚ್ಚಿ ಇನ್ನೊಂದನ್ನು ಕೂರಿಸಲು ಸಾಕೆಟ್ ಇರುವುದಿಲ್ಲ.

ಈ ಚಿಪ್ ಬಂದ ಬಗೆಯನ್ನು ತಿಳಿದರೆ ಅದರ ಬೆಲೆ ಕಟ್ಟುವುದು ಸುಲಭವಾಗುತ್ತದೆ. ಇಂಟೆಲ್‌ನ ಆರನೇ ತಲೆಮಾರಿನ ಸ್ಕೈಲೇಕ್ ಪ್ರೊಸೆಸರ್‌ಗಳು 2015ರಲ್ಲಿ ಬಂದವು. 2016ರ ಆಗಸ್ಟ್ ಕೊನೆಗೆ ಏಳನೇ ತಲೆಮಾರಿನ ಕೇಬಿಲೇಕ್ ಪ್ರಕಟವಾಯಿತು. ಐ3-6006ಯು ಹೊರಬಂದದ್ದು ಅದಾದ ಮೇಲೆ, 2016ರ ಕೊನೆಯಲ್ಲಿ. ಅಂದರೆ ಅದು ಹುಟ್ಟುವಾಗಲೇ ಹಿಂದಿನ ತಲೆಮಾರಿನದಾಗಿತ್ತು. ಅದೇ ಸಾಲಿನಲ್ಲಿ ಮೊದಲೇ ಇದ್ದ ಐ3-6100ಯು 2.3 ಗಿಗಾಹರ್ಟ್ಸ್ ವೇಗದಲ್ಲಿ ನಡೆಯುತ್ತಿದ್ದರೆ, ಅದರ ವೇಗವನ್ನು 2.0ಕ್ಕೆ ಇಳಿಸಿ ಅಗ್ಗದ ಲ್ಯಾಪ್‌ಟಾಪ್‌ಗಳಿಗೆಂದು ಹೊರತಂದ ಮಾದರಿ ಇದು. ಎರಡು ಕೋರ್ (ಲೆಕ್ಕ ಮಾಡುವ ಘಟಕ), ನಾಲ್ಕು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆ), 3 ಎಂಬಿ ಕ್ಯಾಶ್ (ಚಿಪ್ಪಿನೊಳಗಿನ ಚಿಕ್ಕ ಮೆಮೊರಿ), 15 ವ್ಯಾಟ್, ಜೊತೆಗೆ ಚಿತ್ರ, ವಿಡಿಯೊ ನೋಡಿಕೊಳ್ಳುವ ಎಚ್‌ಡಿ ಗ್ರಾಫಿಕ್ಸ್ 520 ಇದರ ಜಾತಕ. ‘ಐ3’ ಎಂಬ ಹೆಸರು ಸಾಲನ್ನು ಮಾತ್ರ ತಿಳಿಸುತ್ತದೆ, ಕಾಲವನ್ನು ತಿಳಿಸುವುದಿಲ್ಲ. ಕಾಲ ತಿಳಿಯುವುದು ಅಡ್ಡಗೆರೆಯ ನಂತರದ ಅಂಕಿಯಿಂದ. ಮಾರುವವರು ಐ3 ಎಂದಷ್ಟೇ ಹೇಳಿ ನಿಲ್ಲಿಸಿದಾಗ, ಮುಂದಿನ ನಾಲ್ಕಂಕಿಯನ್ನು ಕೇಳಿಯೇ ಮಾತು ಮುಂದುವರಿಸಬೇಕು.

ಇದರಲ್ಲಿ ಟರ್ಬೊ ಇಲ್ಲ ಎಂಬುದು ಬಳಕೆಯಲ್ಲಿ ಎದ್ದು ಕಾಣುವ ಸಂಗತಿ. ಟರ್ಬೊ ಇರುವ ಪ್ರೊಸೆಸರ್, ಕೆಲಸ ಬಂದ ಕ್ಷಣದಲ್ಲಿ ತನ್ನ ಮೂಲ ವೇಗವನ್ನು ಬಿಟ್ಟು ಬಹಳ ಮೇಲಕ್ಕೆ ಹಾರಿ, ಕೆಲಸ ಮುಗಿದೊಡನೆ ಕೆಳಗಿಳಿಯುತ್ತದೆ. ಬ್ರೌಸರಿನಲ್ಲಿ ಒಂದು ಪುಟ ತೆರೆಯುವುದು, ಎಕ್ಸೆಲ್ ಕಡತ ಬಿಚ್ಚುವುದು, ಮೆನು ಒತ್ತುವುದು ಮುಂತಾದ ದಿನನಿತ್ಯದ ಕೆಲಸಗಳೆಲ್ಲ ಒಂದೆರಡು ಸೆಕೆಂಡಿನ ಒತ್ತಡಗಳಾದ್ದರಿಂದ, ಯಂತ್ರ ಚುರುಕಾಗಿದೆ ಅನ್ನಿಸುವುದು ಈ ಹಾರುವ ವೇಗದಿಂದಲೇ. 6006ಯು ಎಷ್ಟೇ ತುರ್ತಿದ್ದರೂ 2.0 ಗಿಗಾಹರ್ಟ್ಸ್ ದಾಟುವುದಿಲ್ಲ. ಇದಕ್ಕೊಂದು ಒಳ್ಳೆಯ ಮುಖವೂ ಇದೆ: ಬೇಸಿಗೆಯ ಮಧ್ಯಾಹ್ನ ಅರ್ಧ ಗಂಟೆ ಸತತವಾಗಿ ದುಡಿಸಿದರೂ ಸಾಮಾನ್ಯವಾಗಿ ಅದೇ ವೇಗದಲ್ಲಿರುತ್ತದೆ, ತೀರಾ ಬಿಸಿಯಾಗಿ ಕುಸಿಯುವುದು ಅಪರೂಪ. ಹಾಗಿದ್ದೂ ಕುಸಿದರೆ ಫ್ಯಾನಿನಲ್ಲಿ ದೂಳು ಕಟ್ಟಿದೆ, ಇಲ್ಲವೇ ಥರ್ಮಲ್ ಪೇಸ್ಟ್ ಒಣಗಿದೆ ಎಂದೇ ತಿಳಿಯಬೇಕು. 2017ರ ವಿಮರ್ಶೆಗಳಲ್ಲಿ ಕಾಣುವ ಬೆಂಚ್‌ಮಾರ್ಕ್ (ವೇಗ ಪರೀಕ್ಷೆ) ಅಂಕಿಗಳನ್ನೂ ಇಂದಿಗೆ ಹಾಗೆಯೇ ತೆಗೆದುಕೊಳ್ಳಬಾರದು. 2018ರ ಜನವರಿಯಲ್ಲಿ ಬಯಲಾದ ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ಎಂಬ ದೋಷಗಳಿಗೆ ಆಪರೇಟಿಂಗ್ ಸಿಸ್ಟಮ್ ಹಾಕಿದ ತೇಪೆಗಳು ಈ ತಲೆಮಾರಿನ ಚಿಪ್‌ಗಳ ವೇಗವನ್ನು ಒಂದಿಷ್ಟು ತಿಂದಿವೆ.

ಇಷ್ಟಾದರೂ, ನೀವು ಕಂಡ ನಿಧಾನಕ್ಕೆ ಮುಖ್ಯ ಕಾರಣ ಪ್ರೊಸೆಸರ್ ಅಲ್ಲ ಎಂಬುದು ಬಹುಮಟ್ಟಿಗೆ ಖಚಿತ. ಮುಂದಿನ ಸಲ ನೋಡಲು ಹೋದಾಗ ಆ ಲ್ಯಾಪ್‌ಟಾಪ್ ಆನ್ ಮಾಡಿ, ಡೆಸ್ಕ್‌ಟಾಪ್ ಕಂಡ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಹೆಚ್ಚಾಗಿ ಕಾಣಿಸುವ ದೃಶ್ಯವಿದು: ಸಿಪಿಯು ಕಾಲಮ್ಮಿನಲ್ಲಿ ಶೇ. 20 ಅಥವಾ 30 ಎಂದಿರುತ್ತದೆ, ಮೆಮೊರಿ ಕಾಲಮ್ಮು ಶೇ. 80ರ ಆಸುಪಾಸಿನಲ್ಲಿರುತ್ತದೆ, ಡಿಸ್ಕ್ ಕಾಲಮ್ಮು ಕೆಂಪಾಗಿ ಶೇ. 100ರಲ್ಲಿ ಅಂಟಿಕೊಂಡು ನಿಮಿಷಗಟ್ಟಲೆ ಇಳಿಯುವುದೇ ಇಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ತೂಕ ಮಾಡುವವನು ಎಷ್ಟೇ ಚುರುಕಾಗಿದ್ದರೂ ಗೋದಾಮಿನಿಂದ ಮೂಟೆ ತರುವವನು ನಿಧಾನವಾದರೆ ಸಾಲು ಕರಗುವುದಿಲ್ಲವಲ್ಲ, ಇಲ್ಲಿಯೂ ಪ್ರೊಸೆಸರ್ ಸುಮ್ಮನೆ ಕಾಯುತ್ತಾ ನಿಂತಿರುತ್ತದೆ.

ಲೆಕ್ಕ ಹೀಗಿದೆ. ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಇರುತ್ತದೆ. ಒಂದು ಸುತ್ತಿಗೆ 11 ಮಿಲಿಸೆಕೆಂಡ್ ಬೇಕು. ಬೇಕಾದ ಮಾಹಿತಿ ಓದುವ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಸೂಜಿ ಸರಿಯಾದ ಜಾಡಿಗೆ ಸರಿಯಲು ಇನ್ನೂ ಹತ್ತು ಹನ್ನೆರಡು ಮಿಲಿಸೆಕೆಂಡ್. ಹೀಗೆ ಒಂದು ಚಿಕ್ಕ ಓದಿಗೆ ಸುಮಾರು 17 ಮಿಲಿಸೆಕೆಂಡ್ ಆದರೆ, ಸೆಕೆಂಡಿಗೆ ಅರವತ್ತರಷ್ಟು ಓದು ಮಾತ್ರ ಸಾಧ್ಯ. ವಿಂಡೋಸ್ ಏಳುವಾಗ ಇಂಥ ಚಿಕ್ಕಚಿಕ್ಕ ಓದುಗಳು ಸಾವಿರಗಟ್ಟಲೆ ಬೇಕಾಗುತ್ತವೆ. ತಿರುಗುವ ಭಾಗವೇ ಇಲ್ಲದೆ ಚಿಪ್‌ಗಳಲ್ಲಿ ಮಾಹಿತಿ ಇಡುವ ಸಾಧಾರಣ ಎಸ್‌ಎಸ್‌ಡಿಯೂ ಒಂದು ಸೆಕೆಂಡಿನಲ್ಲಿ ಸಾವಿರಾರು ಓದುಗಳನ್ನು ಮುಗಿಸುತ್ತದೆ. ಹಾಗಾಗಿ 6006ಯು ಇರುವ ಯಂತ್ರದಲ್ಲಿ ಹಾರ್ಡ್ ಡಿಸ್ಕ್ ತೆಗೆದು ಎರಡೂವರೆ ಇಂಚಿನ ಎಸ್‌ಎಸ್‌ಡಿ ಹಾಕಿದರೆ ಆಗುವ ಬದಲಾವಣೆ, ಹಾರ್ಡ್ ಡಿಸ್ಕ್ ಉಳಿಸಿಕೊಂಡು ಪ್ರೊಸೆಸರನ್ನು ಎರಡು ತಲೆಮಾರು ಮೇಲಕ್ಕೇರಿಸಿದರೂ ಆಗುವುದಿಲ್ಲ. ಡಿವಿಡಿ ಡ್ರೈವ್ ಇರುವ ಮಾದರಿಯಾದರೆ ಅದನ್ನು ತೆಗೆದು, ಆ ಜಾಗಕ್ಕೆ ಕ್ಯಾಡಿ ಎಂಬ ಚೌಕಟ್ಟು ಹಾಕಿ, ಹಳೆಯ ಹಾರ್ಡ್ ಡಿಸ್ಕನ್ನು ಫೋಟೊ, ಪಾಠಗಳ ವಿಡಿಯೊ ಇಡಲು ಉಳಿಸಿಕೊಳ್ಳಬಹುದು. ಕ್ಯಾಡಿಗಳು 9.5 ಮತ್ತು 12.7 ಮಿಲಿಮೀಟರ್ ಎಂಬ ಎರಡು ದಪ್ಪಗಳಲ್ಲಿ ಬರುವುದರಿಂದ ಅಳೆದು ತರಿಸಬೇಕು.

ರ‍್ಯಾಮ್ ವಿಷಯದಲ್ಲಿ 4 ಜಿಬಿ ಇಂದಿಗೆ ಸಾಲದು. ವಿಂಡೋಸ್ ಮತ್ತು ಆ್ಯಂಟಿವೈರಸ್ ಸೇರಿಯೇ ಅರ್ಧಕ್ಕಿಂತ ಹೆಚ್ಚನ್ನು ಹಿಡಿದುಕೊಳ್ಳುತ್ತವೆ, ಕ್ರೋಮ್‌ನಲ್ಲಿ ಐದಾರು ಟ್ಯಾಬ್ ತೆರೆದರೆ ಉಳಿದದ್ದೂ ಮುಗಿಯುತ್ತದೆ, ಆಮೇಲೆ ಹೆಚ್ಚುವರಿ ಹೊರೆಯೆಲ್ಲ ಮತ್ತೆ ಅದೇ ನಿಧಾನದ ಡಿಸ್ಕಿನ ಮೇಲೆ ಬೀಳುತ್ತದೆ. 8 ಜಿಬಿ ಮಾಡಿಸಲೇಬೇಕು. ಆದರೆ ಕೊಳ್ಳುವ ಮುನ್ನ ಎರಡು ವಿಷಯ ನೋಡಿಕೊಳ್ಳಿ. ಸ್ಕೈಲೇಕ್ ಯಂತ್ರಗಳಲ್ಲಿ ಕೆಲವಕ್ಕೆ ಡಿಡಿಆರ್4, ಕೆಲವಕ್ಕೆ ಡಿಡಿಆರ್3ಎಲ್ ಮೆಮೊರಿ ಇರುತ್ತದೆ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಎರಡನೆಯದು ಸ್ಲಾಟ್‌ಗಳ ಸಂಖ್ಯೆ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲೇ ಎಷ್ಟು ಸ್ಲಾಟ್ ಬಳಕೆಯಲ್ಲಿವೆ ಎಂಬುದು ಕಾಣುತ್ತದೆ. ಖಾಲಿ ಸ್ಲಾಟ್ ಇದ್ದರೆ ಇನ್ನೊಂದು 4 ಜಿಬಿ ಹಾಕಿಸಿದರಾಯಿತು, ಖರ್ಚು ಕಡಿಮೆ. ಜೊತೆಗೆ ಮೆಮೊರಿಯ ಎರಡು ಚಾನೆಲ್ (ಮಾಹಿತಿ ಹರಿಯುವ ದಾರಿ) ಒಟ್ಟಿಗೆ ದುಡಿಯುವುದರಿಂದ, ತನ್ನದೇ ಮೆಮೊರಿಯಿಲ್ಲದೆ ರ‍್ಯಾಮಿನಲ್ಲೇ ಪಾಲು ಪಡೆಯುವ ಎಚ್‌ಡಿ 520 ಗ್ರಾಫಿಕ್ಸಿಗೂ ಲಾಭವಾಗುತ್ತದೆ. ಒಂದೇ ಸ್ಲಾಟ್ ಇದ್ದರೆ ಹಳೆಯದನ್ನು ತೆಗೆದು 8 ಜಿಬಿಯ ಕಡ್ಡಿಯನ್ನೇ ಹಾಕಬೇಕಾಗುತ್ತದೆ.

ಈಗ ಪ್ರೊಸೆಸರಿನ ನಿಜವಾದ ದೌರ್ಬಲ್ಯಕ್ಕೆ ಬರೋಣ. ಅದು ವಿಡಿಯೊ. ಯೂಟ್ಯೂಬ್ ತನ್ನ ವಿಡಿಯೊಗಳನ್ನು ಹೆಚ್ಚಾಗಿ ವಿಪಿ9 ಅಥವಾ ಎವಿ1 ಎಂಬ ಸಂಕುಚಿತ ರೂಪದಲ್ಲಿ ಕಳುಹಿಸುತ್ತದೆ. ಸ್ಕೈಲೇಕ್ ಗ್ರಾಫಿಕ್ಸಿನಲ್ಲಿ ಎಚ್.264 ಎಂಬ ಹಳೆಯ ರೂಪದ ವಿಡಿಯೊವನ್ನು ಬಿಡಿಸಲು ಪ್ರತ್ಯೇಕ ಸರ್ಕ್ಯೂಟ್ ಇದೆ. ವಿಪಿ9ಕ್ಕೆ ಅಂಥ ಪೂರ್ಣ ವ್ಯವಸ್ಥೆ ಬಂದದ್ದು ಮುಂದಿನ ತಲೆಮಾರಾದ ಕೇಬಿಲೇಕ್‌ನಲ್ಲಿ, ಎವಿ1 ಅಂತೂ ಅದಕ್ಕೂ ಎಷ್ಟೋ ವರ್ಷಗಳ ನಂತರದ ಮಾತು. ಸರ್ಕ್ಯೂಟ್ ಇಲ್ಲದಿದ್ದಾಗ ಆ ಕೆಲಸವೆಲ್ಲ ಎರಡು ಕೋರ್‌ಗಳ ತಲೆಗೆ ಬರುತ್ತದೆ, ಫ್ಯಾನ್ ಜೋರಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ, 1080ಪಿ ವಿಡಿಯೊ ನೋಡುತ್ತಾ ಪಕ್ಕದಲ್ಲಿ ಇನ್ನೊಂದು ಕೆಲಸ ಮಾಡಲು ಹೋದರೆ ಚಿತ್ರ ತಡವರಿಸುತ್ತದೆ. ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಆರಿಸಿದರೆ, ಕೋಡೆಕ್ಸ್ ಎಂಬ ಸಾಲಿನಲ್ಲಿ ಯಾವ ರೂಪ ಬರುತ್ತಿದೆ ಎಂಬುದು ಗೊತ್ತಾಗುತ್ತದೆ. ಯೂಟ್ಯೂಬಿನಿಂದ ಎಚ್.264 ರೂಪವನ್ನೇ ಕೇಳಿ ಪಡೆಯುವಂತೆ ಮಾಡುವ ಚಿಕ್ಕ ಬ್ರೌಸರ್ ಎಕ್ಸ್‌ಟೆನ್ಷನ್‌ಗಳು ಉಚಿತವಾಗಿ ಸಿಗುತ್ತವೆ. ಅಂಥದ್ದೊಂದನ್ನು ಹಾಕಿದರೆ ಅದೇ ವಿಡಿಯೊಗೆ ಸಿಪಿಯು ಬಳಕೆ ಗಣನೀಯವಾಗಿ ತಗ್ಗುತ್ತದೆ. 1080ಪಿಗಿಂತ ಮೇಲಿನ ಗುಣಮಟ್ಟ ಸಿಗುವುದಿಲ್ಲ, ಆದರೆ ಈ ಲ್ಯಾಪ್‌ಟಾಪ್‌ಗಳ ಪರದೆಯೇ ಬಹುತೇಕ 1366 x 768 ಆಗಿರುವಾಗ ಅದರಿಂದ ನಷ್ಟವೇನೂ ಇಲ್ಲ. ಆನ್‌ಲೈನ್ ತರಗತಿಯಲ್ಲಿ ಹಿನ್ನೆಲೆಯನ್ನು ಮಸುಕು ಮಾಡುವ ಸೌಲಭ್ಯವನ್ನು ಮಾತ್ರ ಮಗಳು ಬಳಸದಿರಲಿ. ಅದೊಂದೇ ಈ ಚಿಪ್ಪಿನ ಶಕ್ತಿಯ ದೊಡ್ಡ ಪಾಲನ್ನು ನುಂಗಿಬಿಡುತ್ತದೆ.

ಸೆಲೆರಾನ್‌ಗಿಂತ ಎಷ್ಟೋ ಮೇಲು ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಎನ್4500 ಎಂಬುದು 2021ರಲ್ಲಿ ಬಂದ, 6 ವ್ಯಾಟ್‌ನ, ಎರಡು ಕೋರ್ ಎರಡೇ ಥ್ರೆಡ್ ಇರುವ ಚಿಪ್. ಅದರ ಕೋರ್ ರಚನೆ ಸ್ಕೈಲೇಕ್‌ನಷ್ಟು ಬಲವಾದದ್ದಲ್ಲ, ಒಂದೇ ಗಿಗಾಹರ್ಟ್ಸ್ ವೇಗದಲ್ಲಿ ಸ್ಕೈಲೇಕ್ ಹೆಚ್ಚು ಕೆಲಸ ಮಾಡುತ್ತದೆ. ಆದರೆ ಸೆಲೆರಾನ್ 2.8 ಗಿಗಾಹರ್ಟ್ಸ್‌ವರೆಗೆ ಏರಬಲ್ಲದು, ಐ3 2.0ಕ್ಕೆ ನಿಲ್ಲುತ್ತದೆ. ಹೀಗಾಗಿ ಒಂದೇ ಕೆಲಸ ಮಾಡುವಾಗ ನಿಮ್ಮ ಕಣ್ಣಿಗೆ ದೊಡ್ಡ ಅಂತರ ಕಾಣಿಸದು. ನಾಲ್ಕಾರು ಕೆಲಸ ಒಟ್ಟಿಗೆ ನಡೆಯುವಾಗ ಒಂದು ಕೋರಿನಲ್ಲಿ ಎರಡು ಥ್ರೆಡ್ ನಡೆಸುವ ಹೈಪರ್‌ಥ್ರೆಡಿಂಗ್ ಇರುವ ಐ3 ಮುಂದಿರುತ್ತದೆ. ಯೂಟ್ಯೂಬಿಗೆ ಬಂದರೆ ಮಾತು ತಿರುವುಮುರುವು: ವಿಪಿ9ನ್ನು ಬಿಡಿಸುವ ಸರ್ಕ್ಯೂಟ್ ಇರುವ ಸೆಲೆರಾನ್ ಸದ್ದಿಲ್ಲದೆ ಓಡಿಸುವ ವಿಡಿಯೊಗೆ ಐ3 ಬೆವರುತ್ತದೆ. ಹೊಸದಕ್ಕೆ ವಾರಂಟಿ ಇದೆ, ಬ್ಯಾಟರಿ ಹೊಸದು, ವಿಂಡೋಸ್ 11 ಅಧಿಕೃತವಾಗಿ ನಡೆಯುತ್ತದೆ. ಆದರೂ ಮೂರು ವರ್ಷದ ಪದವಿಗೆಂದು ಇಪ್ಪತ್ತು ಸಾವಿರದ ಹತ್ತಿರ ಖರ್ಚು ಮಾಡಿ ಎರಡು ಕೋರ್ ಸೆಲೆರಾನ್ ಕೊಳ್ಳುವುದನ್ನು ನಾನು ಒಪ್ಪಲಾರೆ, ಅದರಲ್ಲೂ 4 ಜಿಬಿ ರ‍್ಯಾಮನ್ನು ಬೋರ್ಡಿಗೇ ಬೆಸೆದು ಸ್ಲಾಟ್ ಕೊಡದ ಮಾದರಿಯಾದರೆ ಖಂಡಿತ ಬೇಡ.

ವಿಂಡೋಸ್ ಪ್ರಶ್ನೆ ಇದಕ್ಕಿಂತ ಗಂಭೀರ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆಬಳಕೆದಾರರಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗಳ ಯೋಜನೆಯೊಂದನ್ನು 2026ರ ಅಕ್ಟೋಬರ್ 13ರವರೆಗೆ ಪ್ರಕಟಿಸಲಾಗಿದ್ದು, ಮೈಕ್ರೋಸಾಫ್ಟ್ ಖಾತೆಯೊಂದಿಗೆ ಸೆಟ್ಟಿಂಗ್‌ಗಳನ್ನು ಸಿಂಕ್ ಮಾಡಿದವರು ಹಣ ಕೊಡದೆಯೂ ಸೇರಬಹುದು. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ತಲೆಮಾರು ಮತ್ತು ಅದರ ನಂತರದ ಕೋರ್ ಪ್ರೊಸೆಸರ್‌ಗಳನ್ನು ಅಧಿಕೃತ ಪಟ್ಟಿಗೆ ಸೇರಿಸಲಾಗಿದೆ. ಆರನೇ ತಲೆಮಾರಿನ 6006ಯು ಅದರಲ್ಲಿಲ್ಲ. ಅಡ್ಡದಾರಿಯಿಂದ ಹಾಕಿಕೊಡುವ ರಿಪೇರಿಯವರು ಎಲ್ಲ ಊರಲ್ಲೂ ಇದ್ದಾರೆ, ಹಾಕಿದ ಮೇಲೆ ಅದು ನಡೆಯುವುದೂ ಉಂಟು. ಆದರೆ ಮುಂದಿನ ಅಪ್‌ಡೇಟ್‌ಗಳು ಸರಿಯಾಗಿ ಬರುತ್ತವೆ ಎಂಬ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಆ ಲ್ಯಾಪ್‌ಟಾಪಿನಿಂದಲೇ ಬ್ಯಾಂಕ್ ವ್ಯವಹಾರ, ವಿದ್ಯಾರ್ಥಿವೇತನದ ಅರ್ಜಿ ಎಲ್ಲವೂ ನಡೆಯುವುದಾದರೆ ಇದನ್ನು ಹಗುರವಾಗಿ ಕಾಣಬಾರದು. ಬೇರೆ ಯಾರಾದರೂ ಕೇಳಿದ್ದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಸಿ ನಿಶ್ಚಿಂತರಾಗಿ ಎನ್ನುತ್ತಿದ್ದೆ. ಈ ಪ್ರೊಸೆಸರಿನ ಮೇಲೆ ಅದು ಚೆನ್ನಾಗಿ ನಡೆಯುತ್ತದೆ, ಯೂನಿಕೋಡ್ ಕನ್ನಡ ಬರೆಯಲು ಕೆಜಿಪಿ ಕೀಲಿಮಣೆಯೂ ಅದರಲ್ಲಿ ಸಿಗುತ್ತದೆ. ಆದರೆ ನಿಮ್ಮ ಮಗಳು ಓದುತ್ತಿರುವುದು ವಾಣಿಜ್ಯ. ಟ್ಯಾಲಿಪ್ರೈಮ್ ವಿಂಡೋಸ್‌ಗೆಂದೇ ಮಾಡಿದ ತಂತ್ರಾಂಶ, ಎಕ್ಸೆಲ್ಲೂ ಕಾಲೇಜಿನಲ್ಲಿ ಕಲಿಸುವ ರೂಪದಲ್ಲೇ ಬೇಕಾಗುತ್ತದೆ. (ಟ್ಯಾಲಿಯ ಉಚಿತ ಶೈಕ್ಷಣಿಕ ಮೋಡ್‌ನಲ್ಲಿ ತಿಂಗಳ ಕೆಲವು ನಿರ್ದಿಷ್ಟ ತಾರೀಕುಗಳಿಗೆ ಮಾತ್ರ ವೋಚರ್ ಹಾಕಲು ಸಾಧ್ಯ. ಲ್ಯಾಪ್‌ಟಾಪ್ ಕೆಟ್ಟಿದೆ ಎಂದು ಗಾಬರಿಯಾಗುವುದು ಬೇಡ.) ಟ್ಯಾಲಿಯಂತೂ ಹಗುರವಾದದ್ದು, ಎಸ್‌ಎಸ್‌ಡಿ ಇದ್ದರೆ 6006ಯು ಮೇಲೂ ಸರಾಗವಾಗಿ ನಡೆಯುತ್ತದೆ. ಕೆಲವು ಸಾವಿರ ಸಾಲುಗಳ ಎಕ್ಸೆಲ್ ಹಾಳೆಯೂ ಹಾಗೆಯೇ.

ಹಾಗಾದರೆ ಬೆಲೆ ಎಷ್ಟು? ಎಸ್‌ಎಸ್‌ಡಿ, ರ‍್ಯಾಮ್ ಮತ್ತು ಬಹುಶಃ ಬ್ಯಾಟರಿ, ಈ ಮೂರರ ಬೆಲೆಯನ್ನು ನಿಮ್ಮೂರಿನಲ್ಲಿ ಅಥವಾ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ 9,500ಕ್ಕೆ ಸೇರಿಸಿ ನೋಡಿ. ಮೆಮೊರಿ ಚಿಪ್‌ಗಳ ಬೆಲೆ 2025ರ ಕೊನೆಯಿಂದ ಜೋರಾಗಿ ಏರಿರುವುದರಿಂದ ಹಳೆಯ ಅಂದಾಜು ನಂಬಬೇಡಿ, ಅಂದಂದಿನ ದರವನ್ನೇ ಕೇಳಿ. ಆ ಒಟ್ಟು ಮೊತ್ತ ತಲುಪುವ ಹೊತ್ತಿಗೆ ನೀವು ಬೇರೊಂದು ವರ್ಗದ ಯಂತ್ರದ ಬಾಗಿಲಲ್ಲಿ ನಿಂತಿರುತ್ತೀರಿ. ಕಂಪನಿಗಳು ತಮ್ಮ ನೌಕರರಿಗೆ ಕೊಟ್ಟು, ಮೂರು ನಾಲ್ಕು ವರ್ಷದ ನಂತರ ಒಟ್ಟಾಗಿ ವಿಲೇವಾರಿ ಮಾಡುವ ಡೆಲ್ ಲ್ಯಾಟಿಟ್ಯೂಡ್, ಲೆನೊವೊ ಥಿಂಕ್‌ಪ್ಯಾಡ್, ಎಚ್‌ಪಿ ಎಲೈಟ್‌ಬುಕ್ ಸಾಲಿನ ಲ್ಯಾಪ್‌ಟಾಪ್‌ಗಳು ಬೆಂಗಳೂರಿನಂಥ ಊರಿನಲ್ಲಿ ಸೆಕೆಂಡ್ ಹ್ಯಾಂಡ್ ಅಂಗಡಿಗಳಿಗೆ ಧಾರಾಳವಾಗಿ ಬರುತ್ತವೆ. ಅವುಗಳಲ್ಲಿ ಐ5-8250ಯು ಅಥವಾ ಐ5-8350ಯು ಇರುವುದನ್ನು ಹುಡುಕಿ.

ಏಕೆಂದರೆ ಎಂಟನೇ ತಲೆಮಾರಿನ ಐ5-8250ಯು ಬಂದದ್ದು 2017ರ ಆಗಸ್ಟಿನಲ್ಲಿ, ಅಂದರೆ ನಿಮ್ಮ ಪರಿಚಯದವರು ತಮ್ಮ ಲ್ಯಾಪ್‌ಟಾಪ್ ಕೊಂಡ ವರ್ಷವೇ. ಅದೇ 15 ವ್ಯಾಟ್ ಮಿತಿಯಲ್ಲಿ ನಾಲ್ಕು ಕೋರ್, ಎಂಟು ಥ್ರೆಡ್, ಎರಡರಷ್ಟು ಕ್ಯಾಶ್, 3.4 ಗಿಗಾಹರ್ಟ್ಸ್‌ವರೆಗೆ ಹಾರುವ ಟರ್ಬೊ, ವಿಪಿ9 ಬಿಡಿಸುವ ಸರ್ಕ್ಯೂಟ್, ವಿಂಡೋಸ್ 11ರ ಅಧಿಕೃತ ಬೆಂಬಲ, ಎಲ್ಲವೂ ಅದರಲ್ಲಿವೆ. ಇಂಟೆಲ್‌ನ ಲ್ಯಾಪ್‌ಟಾಪ್ ಚಿಪ್‌ಗಳ ಇತಿಹಾಸದಲ್ಲಿ ಒಂದು ವರ್ಷಕ್ಕೂ ಕಡಿಮೆ ಅವಧಿಯಲ್ಲಿ ಇಷ್ಟು ದೊಡ್ಡ ನೆಗೆತ ಅಪರೂಪ. ಅದರಿಂದಾಗಿಯೇ ಏಳು ಮತ್ತು ಎಂಟನೇ ತಲೆಮಾರಿನ ನಡುವಿನ ಗೆರೆಯನ್ನು ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರು ದಾಟಿ ನಿಲ್ಲಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಐ5-7200ಯು ತೋರಿಸಿ ‘ಐ5’ ಎಂದರೂ, 2013ರ ಐ7-4600ಯು ತೋರಿಸಿ ‘ಐ7’ ಎಂದರೂ ಮರುಳಾಗಬೇಡಿ, ಎರಡೂ ಎರಡೇ ಕೋರಿನ ಚಿಪ್‌ಗಳು. 2018ರಲ್ಲಿ ಮಾರಾಟಕ್ಕೆ ಬಂದ ಐ3-7020ಯು ಕೂಡ ಗೆರೆ ದಾಟದ, ಏಳನೇ ತಲೆಮಾರಿನದೇ. ಐ5 ನಿಮ್ಮ ಹಣಕ್ಕೆ ಸಿಗದಿದ್ದರೆ ಐ3-8130ಯು ಆಗಬಹುದು. ಕೋರ್ ಎರಡೇ ಆದರೂ ಟರ್ಬೊ 3.4ರವರೆಗೆ ಹೋಗುತ್ತದೆ.

ಇಂಥ ಅಂಗಡಿಯಲ್ಲಿ ಕೊಳ್ಳುವಾಗ ಪ್ರೊಸೆಸರಿನ ಹೆಸರನ್ನು ಸ್ಟಿಕ್ಕರಿನಿಂದ ಓದಬೇಡಿ, ಟಾಸ್ಕ್ ಮ್ಯಾನೇಜರಿನಲ್ಲಿ ಓದಿ. ಸ್ಟಿಕ್ಕರ್ ಯಾವುದನ್ನು ಬೇಕಾದರೂ ಅಂಟಿಸಬಹುದು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಿಂದ ಡಿಸ್ಕಿನ ಆರೋಗ್ಯವನ್ನೂ ಅದು ಓಡಿರುವ ಗಂಟೆಗಳನ್ನೂ ನೋಡಬಹುದು. ವಿಂಡೋಸ್ ತಾನೇ ತಯಾರಿಸುವ ಬ್ಯಾಟರಿ ವರದಿಯಲ್ಲಿ ಮೂಲ ಸಾಮರ್ಥ್ಯ ಮತ್ತು ಈಗಿನ ಪೂರ್ಣ ಚಾರ್ಜ್ ಸಾಮರ್ಥ್ಯ ಎರಡೂ ಇರುತ್ತವೆ, ಎರಡನೆಯದು ಮೊದಲನೆಯದರ ಅರ್ಧಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಕಳೆದು ಮಾತಾಡಿ. ಕಂಪನಿಯಿಂದ ಬಂದ ಯಂತ್ರಗಳಲ್ಲಿ ಬಯಾಸ್‌ಗೆ (ಆನ್ ಮಾಡಿದಾಗ ವಿಂಡೋಸ್‌ಗಿಂತ ಮೊದಲು ಏಳುವ ತಂತ್ರಾಂಶಕ್ಕೆ) ಪಾಸ್‌ವರ್ಡ್ ಉಳಿದಿರುವುದುಂಟು. ಅಂಗಡಿಯವರ ಎದುರೇ ಬಯಾಸ್ ತೆರೆದು ನೋಡಿ, ಇದ್ದರೆ ಅದನ್ನು ತೆಗೆಸದೆ ಹಣ ಕೊಡಬೇಡಿ. ಸೀರಿಯಲ್ ಸಂಖ್ಯೆ ಬರೆದ ಬಿಲ್ ಕೇಳಿ ಪಡೆಯಿರಿ.

ನಿಮ್ಮ ಪರಿಚಯದವರು ಬೆಲೆಯನ್ನು ನಾಲ್ಕೈದು ಸಾವಿರಕ್ಕೆ ಇಳಿಸಿದರೆ ಮಾತ್ರ 6006ಯು ವಿಷಯವನ್ನು ಮತ್ತೆ ಯೋಚಿಸಬಹುದು. ಆಗಲೂ ಮೊದಲು ಎಸ್‌ಎಸ್‌ಡಿ, ಆಮೇಲೆ ರ‍್ಯಾಮ್, ಬ್ಯಾಟರಿ ಕೊನೆಗೆ. ಮಗಳು ಹೆಚ್ಚಾಗಿ ಮನೆಯಲ್ಲೇ ಕೂತು ಓದುವವಳಾದರೆ ಚಾರ್ಜರ್ ಹಾಕಿಕೊಂಡೇ ಬಳಸಬಹುದು, ಬ್ಯಾಟರಿಯ ಹಣ ಉಳಿಯುತ್ತದೆ. ಆದರೆ ಆ ಹಳೆಯ ಬ್ಯಾಟರಿ ಉಬ್ಬಿ ಟಚ್‌ಪ್ಯಾಡನ್ನು ಮೇಲಕ್ಕೆ ಒತ್ತುತ್ತಿರುವಂತೆ ಕಂಡರೆ ಒಂದು ದಿನವೂ ತಡಮಾಡದೆ ತೆಗೆಸಿಬಿಡಿ.